ಸ್ವಂತ ಮದುವೆಗೆ ಸಾಕ್ಷಿ

ಮನೆಯವರಿಗೆ ಹೇಳದೆ ಓಡಿಬಂದು ಮದುವೆಯಾಗುವ ಹುಡುಗ ಹುಡುಗಿಯರಿಗೆ ಲೋಕದಲ್ಲಿ ಎಲ್ಲವೂ ಸಿಗುತ್ತದೆ, ಸಾಕ್ಷಿ ಹಾಕುವವರು ಮಾತ್ರ ಸಿಗುವುದಿಲ್ಲ. ಪ್ರೀತಿಸುವಾಗ ಭುಜ ತಟ್ಟಿದ ಗೆಳೆಯರೆಲ್ಲ ನೋಂದಣಿಯ ದಿನ ಫೋನ್ ಆಫ್ ಮಾಡಿಕೊಂಡು ಮಲಗಿರುತ್ತಾರೆ. ಇಂಥ ದಿಕ್ಕಿಲ್ಲದ ವಧೂವರರ ಪಾಲಿನ ಆಪದ್ಬಾಂಧವನಾಗಿ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ದಿನಾ ಕೂತಿರುತ್ತಿದ್ದವನೇ ನಮ್ಮ ಸಾಕ್ಷಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಯಾರಾದರೂ ಕೂಗಿದರೆ ಅವನೂ ಉಳಿದವರ ಜೊತೆ ಹಿಂದೆ ತಿರುಗಿ ನೋಡುತ್ತಿದ್ದ.

“ವಧುವನ್ನ ಎಷ್ಟು ದಿನದಿಂದ ಬಲ್ಲಿರಿ?” ಎಂದು ನೋಂದಣಾಧಿಕಾರಿ ಮೇಡಂ ತಲೆಯೆತ್ತದೆ ಕೇಳುತ್ತಿದ್ದರು.

“ಚಿಕ್ಕಂದಿನಿಂದ ಮೇಡಂ. ನಮ್ಮ ಕಣ್ಣೆದುರೇ ಬೆಳೆದ ಮಗು,” ಎಂದು ಸಾಕ್ಷಣ್ಣ ಗಂಟಲು ಭಾರ ಮಾಡಿಕೊಳ್ಳುತ್ತಿದ್ದ. ಆ ಮಗುವನ್ನು ಅವನು ಮೊದಲು ನೋಡಿದ್ದು ಸ್ವಲ್ಪ ಹೊತ್ತಿನ ಮುಂಚೆ, ಎದುರಿನ ಅಂಗಡಿಯಲ್ಲಿ, ಅವಳ ಖರ್ಚಿನಲ್ಲಿ ಟೀ ಕುಡಿಯುವಾಗ.

ಕಚೇರಿಯ ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಯೇ ಕೂರಬೇಕಾದ ಜಾಗದಲ್ಲಿ, ಒಬ್ಬ ವಕೀಲ ಮೇಜು ಹಾಕಿಕೊಂಡಿದ್ದ. ‘ಮದುವೆ ನೋಂದಣಿಗೆ ಕಾನೂನು ನೆರವು’ ಎಂಬ ಫಲಕ ಅವನದು. ನೆರವು ಮಾತ್ರ ಬಹುಪಾಲು ಸಾಕ್ಷಣ್ಣನದು. ಗುರುತಿನ ಚೀಟಿಗಳನ್ನು ಒಟ್ಟುಮಾಡಿ ವರನದು ಮೇಲೆ, ವಧುವಿನದು ಅದರ ಕೆಳಗೆ, ಸಾಕ್ಷಿಗಳದು ಕೊನೆಗೆ ಎಂದು ಜೋಡಿಸಿ ಗುಮಾಸ್ತನ ಕೈಗಿಡುವವನು ಅವನು. ಗುಮಾಸ್ತ ಆ ಜೋಡಣೆಯಂತೆಯೇ ಹೆಸರು ಬರೆದುಕೊಳ್ಳುತ್ತಿದ್ದ. ದೊಡ್ಡ ಪುಸ್ತಕ ತೆರೆದಾಗ ನಡುಗುವ ವರನ ಮುಂದೆ ಬೆರಳಿಟ್ಟು “ಇಲ್ಲಿ ಹಾಕಿ” ಎನ್ನುವವನೂ ಅವನೇ. ಇಷ್ಟಕ್ಕೇ ಬೀದಿಯಲ್ಲಿ ಅವನು “ನಮ್ಮ ಆಫೀಸಿನಲ್ಲಿ” ಎಂದು ಮಾತು ಶುರುಮಾಡುತ್ತಿದ್ದ. ಬಾಡಿಗೆ ಜಗಳವಿರಲಿ, ಬೆಕ್ಕಿನ ಜಗಳವಿರಲಿ, “ಕಾನೂನು ಏನು ಹೇಳುತ್ತೆ ಅಂದ್ರೆ” ಎಂದು ಅವನು ಬಾಯಿ ತೆರೆದರೆ ಜನ ತಮ್ಮ ಜಗಳ ತಾವೇ ಮುಗಿಸಿಕೊಂಡು ಎದ್ದುಹೋಗುತ್ತಿದ್ದರು. ಒಟ್ಟಿನಲ್ಲಿ ನ್ಯಾಯ ಸಿಗುತ್ತಿತ್ತು.

ಅವನ ಹೆಂಡತಿ ಬಾಟಲಿ ಕಾರ್ಖಾನೆಯಲ್ಲಿದ್ದಳು. ಬಿಳಿ ದೀಪದ ಪರದೆಯ ಮುಂದೆ ಸಾಲಾಗಿ ಬಾಟಲಿಗಳು ಹಾದುಹೋಗುತ್ತವೆ. ಬಿರುಕು ಬಿಟ್ಟದ್ದನ್ನು ಕಂಡು ತೆಗೆದುಹಾಕುವುದು ಅವಳ ಕೆಲಸ. ಕೂದಲೆಳೆಯಷ್ಟು ಬಿರುಕೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಆ ಕಣ್ಣಿನ ಸಂಬಳದಲ್ಲಿ. ಸಾಕ್ಷಣ್ಣನ ಕಣ್ಣಿನ ಕತೆ ಬೇರೆ. ಎರಡರಲ್ಲೂ ಪೊರೆ ಬೆಳೆದು, ಎದುರು ಬಂದವರೆಲ್ಲ ಹೊಗೆಯೊಳಗಿಂದ ಬಂದಂತೆ ಕಾಣುತ್ತಿದ್ದರು. ಕನ್ನಡಕ ಹಾಕಿಕೊಂಡರೆ ವಯಸ್ಸಾದಂತೆ ಕಾಣುತ್ತದೆಂದು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ಬೇಗ ಆಪರೇಷನ್ ಮಾಡಿಸದಿದ್ದರೆ ಹೊಗೆಯೂ ಕಾಣುವುದಿಲ್ಲವೆಂದು ಡಾಕ್ಟರು ಹೆದರಿಸಿದ್ದರು.

“ಕಾರ್ಖಾನೆಯವರು ಗಂಡನ ಆಪರೇಷನ್ ಖರ್ಚು ಕೊಡ್ತಾರಂತೆ,” ಎಂದಳು ಹೆಂಡತಿ ಒಂದು ಸಂಜೆ. “ಆದ್ರೆ ಮದುವೆ ನೋಂದಣಿ ಪತ್ರ ಬೇಕಂತೆ. ನಮ್ಮದು ಆಗಿಲ್ವಲ್ಲ.”

ಆಗಿರಲಿಲ್ಲ, ನಿಜ. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಗುರುಗಳು ಮಂತ್ರ ಹೇಳಿ ಮದುವೆ ಮಾಡಿಸಿದ್ದರು. ಆ ಗುರುಗಳು ತೀರಿಕೊಂಡಿದ್ದರು, ಮದುವೆ ನಡೆದ ಸಭಾಂಗಣ ಈಗ ಸಿಮೆಂಟಿನ ಗೋದಾಮಾಗಿತ್ತು. ಊರಿನ ಮದುವೆಗಳಿಗೆಲ್ಲ ಸಹಿ ಹಾಕಿದ ಮಹಾನುಭಾವ ಸ್ವಂತ ಮದುವೆಯನ್ನು ಸರಕಾರಕ್ಕೆ ತಿಳಿಸುವುದನ್ನೇ ಮರೆತಿದ್ದ.

“ಅದಕ್ಕೇನೀಗ? ನನ್ನ ಎಡಗೈ ಕೆಲಸ,” ಎಂದು ಸಾಕ್ಷಣ್ಣ ನಕ್ಕ.

“ಆ ಲಾಯರ್ ಹತ್ರ ಒಂದು ಮಾತು ಕೇಳಿ…”

“ನೀನು ಸುಮ್ನಿರು. ನನಗೆ ಹೇಳಿಕೊಡ್ತೀಯಾ?”

ಅವಳು ಸುಮ್ಮನಾದಳು. ಆ ಮನೆಯಲ್ಲಿ ಮಾತುಕತೆಗಳೆಲ್ಲ ಹೀಗೇ ಮುಗಿಯುತ್ತಿದ್ದವು.

ಸಾಕ್ಷಿಗಳಾಗಿ ವಕೀಲನನ್ನೂ ಪಕ್ಕದ ಮನೆಯ ದರ್ಜಿಯನ್ನೂ ಗೊತ್ತುಮಾಡಿದ್ದಾಯಿತು. ದರ್ಜಿ ಮದುವೆಯಾಗದ ಒಂಟಿ ಜೀವ, ಹೇಳಿದ್ದಕ್ಕೆಲ್ಲ “ಆಗಲಿ ಸರ್” ಎನ್ನುವ ಸ್ವಭಾವ. ನೋಂದಣಿ ಕಚೇರಿಗೆ ಜನ್ಮದಲ್ಲಿ ಮೊದಲ ಸಲ ಹೋಗುವುದೆಂದು ತಾನೇ ಹೊಲಿದ ಕರಿ ಕೋಟು ಹಾಕಿಕೊಂಡು ಬಂದ. ಸಾಕ್ಷಣ್ಣ ದಿನದ ಅಂಗಿಯಲ್ಲೇ ಬಂದ, ಅದು ಅವನ ಆಫೀಸಲ್ಲವೇ?

ಅಲ್ಲಿಂದ ಮುಂದೆ ನಡೆದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಎತ್ತಿಗೆ ಗಾಣ ರೂಢಿಯಾದಂತೆ ಸಾಕ್ಷಣ್ಣನ ಕೈಕಾಲಿಗೆ ಆ ಕೋಣೆ ರೂಢಿಯಾಗಿತ್ತು. ಗುರುತಿನ ಚೀಟಿಗಳನ್ನು ಒಟ್ಟುಮಾಡಿದ. ಕೋಟು ಹಾಕಿದವನದು ಮೇಲೆ ಹೋಯಿತು, ಹೆಂಗಸಿನದು ಅದರ ಕೆಳಗೆ, ತನ್ನದೂ ವಕೀಲನದೂ ಯಾವತ್ತಿನಂತೆ ಕೊನೆಗೆ. ಗುಮಾಸ್ತ ಹಾಗೆಯೇ ಬರೆದುಕೊಂಡ. ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿ, “ಸಾಕ್ಷಣ್ಣ, ಸ್ವಲ್ಪ ಪಕ್ಕಕ್ಕೆ ಬನ್ನಿ, ಜೋಡಿಗೆ ಅಡ್ಡ ಆಗ್ತೀರಿ,” ಎಂದ.

“ಓ, ಸಾರಿ,” ಎಂದು ಸಾಕ್ಷಣ್ಣ ಚಂಗನೆ ಪಕ್ಕಕ್ಕೆ ಸರಿದು, ದರ್ಜಿಯ ಕೋಟಿನ ಕಾಲರು ಸರಿಮಾಡಿ, “ಸ್ವಲ್ಪ ನಗಿ,” ಎಂದ.

“ರೀ, ಅಲ್ರೀ…” ಎಂದಳು ಹೆಂಡತಿ.

“ಸುಮ್ನಿರು. ಕಚೇರಿಯಲ್ಲಿ ಮಾತಾಡಬಾರದು.”

ಪುಸ್ತಕ ತೆರೆಯಿತು. ಸಾಕ್ಷಣ್ಣನ ಬೆರಳು ತಾನಾಗಿ ಮೊದಲ ಜಾಗಕ್ಕೆ ಹೋಗಿ ನಿಂತಿತು. “ಇಲ್ಲಿ ಹಾಕಿ,” ಎಂದ. ದರ್ಜಿ “ಆಗಲಿ ಸರ್” ಎಂದು ಹಾಕಿದ. ಹೆಂಡತಿ ಕ್ಷಣಕಾಲ ಗಂಡನ ಮುಖ ನೋಡಿ, ಅವನು ಬೆರಳಿಟ್ಟ ಕಡೆ ಹಾಕಿದಳು. ವಕೀಲ ಫೋನಿನಲ್ಲಿ ಇನ್ನೊಂದು ಮದುವೆಯ ಬಗ್ಗೆ ಮಾತಾಡುತ್ತಲೇ ಗೀಚಿದ. ಕಡೆಯಲ್ಲಿ ಸಾಕ್ಷಣ್ಣ, ಕಣ್ಣು ಮುಚ್ಚಿಕೊಂಡರೂ ಸಿಗುವ ಆ ಹಳೇ ಜಾಗದಲ್ಲಿ, ಕೆಳಗೆರಡು ಗೆರೆ ಎಳೆದು ಸಹಿ ಹಾಕಿದ.

“ವಧುವನ್ನ ಎಷ್ಟು ದಿನದಿಂದ ಬಲ್ಲಿರಿ?” ಮೇಡಂ ತಲೆಯೆತ್ತಲಿಲ್ಲ.

“ಇಪ್ಪತ್ತು ವರ್ಷದ ಮೇಲಾಯ್ತು ಮೇಡಂ!” ಎಂದ ಸಾಕ್ಷಣ್ಣ, ಆ ಕೋಣೆಯಲ್ಲಿ ಬಹುಶಃ ಮೊದಲ ಬಾರಿಗೆ ನಿಜ ಹೇಳುತ್ತ.

ಪತ್ರವನ್ನು ಯಾರೂ ಓದಲಿಲ್ಲ. ಮುದ್ರೆ ಬಿದ್ದ ಕಾಗದ ಓದುವುದು ಹೊಸಬರ ಲಕ್ಷಣವೆಂದು ಸಾಕ್ಷಣ್ಣ ಅದನ್ನು ಮಡಚಿ ನೇರ ಕಾರ್ಖಾನೆಗೆ ಕೊಟ್ಟುಬಂದ. ಅಲ್ಲಿಂದ ಕಣ್ಣಾಸ್ಪತ್ರೆಗೆ ಹೋಯಿತು. ಆಪರೇಷನ್ನಿಗೆ ದಿನವೂ ಗೊತ್ತಾಯಿತು.

ಆ ದಿನ ಆಸ್ಪತ್ರೆಯ ನರ್ಸು ಕಾಗದದ ಫೋಟೋ ನೋಡಿದಳು, ಸಾಕ್ಷಣ್ಣನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. “ಇದು ನೀವಲ್ಲ,” ಎಂದಳು.

“ಕಣ್ಣು ತೋರಿಸೋಕೆ ಬಂದಿರೋನು ನಾನಮ್ಮ. ನಿಮಗೂ ಪೊರೆ ಬಂದಿದೆಯಾ?”

“ಇದರಲ್ಲಿರೋ ಗಂಡನಿಗೆ ಕೋಟಿದೆ, ಮೀಸೆ ಇದೆ. ನಿಮಗೆ ಎರಡೂ ಇಲ್ಲ. ಹೋಗ್ಲಿ, ಹೆಸರು ಹೇಳಿ.” ಸಾಕ್ಷಣ್ಣ ಯೋಚಿಸಿ ಹೇಳಿದ. ಅವಳು ಬೆರಳಾಡಿಸಿ ಹುಡುಕಿದಳು. “ಹಾಂ, ಇದ್ದೀರಿ. ಕೆಳಗಿದ್ದೀರಿ. ಸಾಕ್ಷಿಗಳ ಜಾಗದಲ್ಲಿ. ಸಾಕ್ಷಿಗೆಲ್ಲ ಆಪರೇಷನ್ ಮಾಡೋದಿಲ್ಲ. ಗಂಡನ್ನ ಕರ್ಕೊಂಡು ಬನ್ನಿ.”

ಸಾಕ್ಷಣ್ಣ ಆವತ್ತು ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿ ಕಾಗದ ಓದಿದ. ಓದಿ ಮುಗಿಸಿ ಹೆಂಡತಿಯ ಕಡೆ ತಿರುಗಿದ.

“ನಿನಗೆ ಗೊತ್ತಿತ್ತಾ?”

“ಫೋಟೋ ತೆಗೆಯೋವಾಗಲೇ ಗೊತ್ತಾಯ್ತು.”

“ಮತ್ತೆ ಹೇಳೋದಲ್ವಾ!”

“ಹೇಳೋಕೆ ಬಂದೆ. ಸುಮ್ನಿರು ಅಂದ್ರಿ. ಸುಮ್ನಾದೆ.”

ನರ್ಸು ಕಾಗದದ ಹಿಂದೆ ಮುಖ ಮುಚ್ಚಿಕೊಂಡಳು. ಅವಳೂ ಎಲ್ಲೋ ಸಂಸಾರ ಮಾಡುವವಳೇ ಇರಬೇಕು.

ಆ ಕಾಗದ ಹಿಡಿದು ಕಚೇರಿಗೆ ಹೋದಾಗ ನೋಂದಣಾಧಿಕಾರಿ ಮೇಡಂ ಈ ಸಲ ತಲೆಯೆತ್ತಿದರು. ಸಾಕ್ಷಣ್ಣನಿಗೆ ಅದೇ ದೊಡ್ಡ ಅಪಶಕುನವಾಗಿ ಕಂಡಿತು. “ನನ್ನ ಕಚೇರಿಯಲ್ಲಿ ತಪ್ಪಾಗಿಲ್ಲ,” ಎಂದರು. “ಫೋಟೋದಲ್ಲಿ ಅವರಿಬ್ಬರಿದ್ದಾರೆ. ಸಹಿ ಅವರಿಬ್ಬರದೇ. ಅವರು ಗಂಡ ಹೆಂಡತಿ ಅಂತ ಪ್ರಮಾಣ ಮಾಡಿರೋರು ನೀವು. ಈಗ ಅದು ಸುಳ್ಳು ಅಂತ ಬರೆದುಕೊಡ್ತೀರಾ?”

ಸಾಕ್ಷಣ್ಣ “ಕೊಡ್ತೀನಿ” ಎನ್ನುವಷ್ಟರಲ್ಲಿ ವಕೀಲ ಅವನ ತೋಳು ಹಿಡಿದು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋದ.

“ತಲೆ ಕೆಟ್ಟಿದೆಯೇನ್ರೀ? ಒಂದು ಸಾಕ್ಷಿ ಸುಳ್ಳು ಅಂದ್ರೆ ನೀವು ಹಾಕಿರೋ ಅಷ್ಟೂ ಸಾಕ್ಷಿ ತೆಗೆದು ನೋಡ್ತಾರೆ. ನಿಮಗೆ ಜೈಲು. ನನಗೆ…” ವಕೀಲ ತನ್ನ ಫಲಕ ನೋಡಿ ನಿಟ್ಟುಸಿರುಬಿಟ್ಟ. “ಇರೋದು ಒಂದೇ ದಾರಿ. ನಿಮ್ಮ ಮನೆಯವರೂ ದರ್ಜಿಯೂ ಪರಸ್ಪರ ಒಪ್ಪಿ ವಿಚ್ಛೇದನ ತಗೊಳ್ಳಲಿ. ಆಮೇಲೆ ನೀವು ಮದುವೆ ಆಗಿ.”

“ನನ್ನ ಹೆಂಡತಿಯನ್ನ ನಾನು ಮದುವೆ ಆಗಬೇಕಾ?”

“ಕಾನೂನಿನ ಪ್ರಕಾರ ದರ್ಜಿ ಹೆಂಡತಿ ಅವರು. ಅಂದಹಾಗೆ, ಕೋರ್ಟಲ್ಲಿ ತೀರ್ಮಾನ ಆಗೋವರೆಗೆ ನೀವು ಆ ಮನೇಲಿ ಇರಬಾರದು. ಪರಸ್ತ್ರೀ ಜೊತೆ ಒಂದೇ ಸೂರಿನಡಿ ಇದ್ರೆ ಕೇಸ್ ಕೆಡುತ್ತೆ.”

ಹೀಗೆ ಸಾಕ್ಷಣ್ಣ ಪರಸ್ತ್ರೀಯ ಮನೆಯಿಂದ ಒಂದು ಚೀಲ, ಒಂದು ದಿಂಬು ಹಿಡಿದು ಹೊರಬಿದ್ದ. ಹೋಗಲು ಬೇರೆ ಜಾಗವಿಲ್ಲದೆ ಅವಳ ಗಂಡನ ಮನೆಗೇ ಹೋದ. ದರ್ಜಿ ತುಂಡು ಬಟ್ಟೆಗಳ ಗಂಟನ್ನು ಹಾಸಿಗೆ ಮಾಡಿಕೊಟ್ಟು, “ತಪ್ಪಾಯ್ತು ಸರ್, ನೀವು ಬೆರಳಿಟ್ಟ ಕಡೆ ಹಾಕ್ಬಿಟ್ಟೆ,” ಎಂದು ಕೈಮುಗಿದ. ಅವನು ಹಾಗೆ ಕೈಮುಗಿದಷ್ಟೂ ಸಾಕ್ಷಣ್ಣನಿಗೆ ಉರಿಯುತ್ತಿತ್ತು. ಎದುರಾಳಿ ಕೆಟ್ಟವನಾಗಿದ್ದರೆ ಬೈಯಬಹುದು, ಇಷ್ಟು ಒಳ್ಳೆಯವನಾದರೆ ಮನುಷ್ಯ ಏನು ಮಾಡಬೇಕು?

ಬೀದಿಗೆ ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ಕಾನೂನಿನ ಹೆಸರಿನಲ್ಲಿ ಕೊರೆಸಿಕೊಂಡ ಬೀದಿಯದು. ಬಡ್ಡಿ ಸಮೇತ ತೀರಿಸಿತು. “ಕಾನೂನು ಏನು ಹೇಳುತ್ತೆ ಸಾಕ್ಷಣ್ಣ?” ಎಂದು ಹಾಲು ಹಾಕುವವನೂ ಕೇಳಿದ. ಮನೆ ಮಾಲೀಕ ಬಂದು ಹೆಂಡತಿಯ ಹತ್ತಿರ, “ಬಾಡಿಗೆ ಕೊಡೋರು ನೀವು. ಯಾರ ಹೆಂಡತಿ ಅನ್ನೋದು ನನಗೆ ಬೇಡ,” ಎಂದು ಉದಾರವಾಗಿ ಹೇಳಿಹೋದ. ದೂರದಲ್ಲಿದ್ದ ಮಗಳು ಫೋನ್ ಮಾಡಿದಳು.

“ಅಪ್ಪಾ, ನಮ್ಮತ್ತೆ ಕೇಳ್ತಿದ್ದಾರೆ. ಇನ್ಮೇಲೆ ಬೀಗರು ಅಂತ ಯಾರನ್ನ ಕರೀಬೇಕಂತೆ?”

“ನನ್ನನ್ನೇ ಕಣೇ!”

“ಪತ್ರ ಇದೆಯಾ ಅಂತ ಕೇಳ್ತಿದ್ದಾರೆ.”

ಎಲ್ಲರಿಗಿಂತ ಕೆಟ್ಟವನು ಭಾವಮೈದ. ತಂಗಿಗೆ ಅನ್ಯಾಯವಾಯಿತೆಂದು ತೋಳು ಮಡಚಿಕೊಂಡು ಬಂದವನು, ದರ್ಜಿಯ ಮನೆಯೊಳಗೆ ಕಾಲಿಟ್ಟು, ಗೋಡೆಗೆ ತೂಗುಹಾಕಿದ ಕೋಟುಗಳನ್ನು ನೋಡಿ ತಣ್ಣಗಾದ. ಒಂದನ್ನು ಹಾಕಿಯೂ ನೋಡಿದ. ಬಟ್ಟೆ ಗಂಟಿನ ಮೇಲೆ ಕೂತ ಸಾಕ್ಷಣ್ಣನ ಎದುರೇ ದರ್ಜಿಯ ಕೈಹಿಡಿದು, “ಇಷ್ಟು ವರ್ಷ ಆದ್ಮೇಲಾದ್ರೂ ಕೈಯಲ್ಲಿ ಕಸುಬಿರೋ ಭಾವ ಸಿಕ್ಕಿದ್ರಿ,” ಎಂದ. ದರ್ಜಿ ಹೆದರಿ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡ.

ಹಳೆಯ ಜೋಡಿಗಳೂ ಒಂದೊಂದಾಗಿ ಬರತೊಡಗಿದವು. ತಮ್ಮ ಮದುವೆಗೆ ಸಾಕ್ಷಿ ಹಾಕಿದವನ ಸಹಿ ಬಿದ್ದುಹೋದರೆ ತಮ್ಮ ಸಂಸಾರದ ಗತಿಯೇನು ಎಂದು ಹೆಂಡತಿಯರು ಕಣ್ಣೊರೆಸಿಕೊಂಡರು. ಗಂಡಂದಿರಲ್ಲಿ ಒಬ್ಬ ಹಿಂದೆ ಉಳಿದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ: “ಸಾಕ್ಷಣ್ಣ, ಖಂಡಿತವಾಗಿ ಬಿದ್ದುಹೋಗುತ್ತಾ?” ಆ ಮುಖದಲ್ಲಿದ್ದ ಆಸೆಯನ್ನು ಪೊರೆ ಬಂದ ಕಣ್ಣಿನಲ್ಲೂ ಸಾಕ್ಷಣ್ಣ ಕಂಡ.

ಇತ್ತ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಸಂಜೆ ಕಾರ್ಖಾನೆಯಿಂದ ಬರುವ ಹೆಂಡತಿ ಯಾರು, ಬೀದಿಯ ಉಳಿದ ಹೆಂಗಸರು ಯಾರು ಎಂದು ನಡಿಗೆಯ ಸದ್ದಿನಿಂದ ಗುರುತಿಸಬೇಕೆಂದುಕೊಂಡ. ಆಗುತ್ತಿರಲಿಲ್ಲ. ಅಷ್ಟು ವರ್ಷ ಅವಳು ಬಂದ ಸದ್ದನ್ನು ಅವನು ಕಿವಿಗೊಟ್ಟು ಕೇಳಿದ್ದರೆ ತಾನೇ? ಒಮ್ಮೆ ಪಕ್ಕದ ಮನೆಯಿಂದ, ಎಂದರೆ ತನ್ನ ಮನೆಯಿಂದಲೇ, ಅವಳು ಹಾಡು ಗುನುಗುವುದು ಕೇಳಿಸಿತು. “ಆಯಮ್ಮ ಹಾಡ್ತಾರಾ?” ಎಂದು ಕೇಳಿದ ದರ್ಜಿಗೆ, “ಇಲ್ಲಪ್ಪ, ಅವಳಿಗೆ ಹಾಡು ಬರಲ್ಲ,” ಎಂದು ಖಡಾಖಂಡಿತವಾಗಿ ಹೇಳಿದ. ಹಾಡು ಮುಂದುವರಿಯಿತು.

ಕೋರ್ಟಿನ ದಿನ ಬಂತು. ಕಾರಣ ಕೇಳಿದರೆ “ಹೊಂದಾಣಿಕೆ ಇಲ್ಲ” ಎನ್ನಬೇಕೆಂದು ವಕೀಲ ದರ್ಜಿಗೆ ಗಿಣಿಪಾಠ ಮಾಡಿಸಿದ್ದ. ನ್ಯಾಯಾಧೀಶರು ವಯಸ್ಸಾದವರು, ಸಂಸಾರಗಳನ್ನು ಒಡೆಯಲು ಮನಸ್ಸಿಲ್ಲದವರು. ಕೋಟು ಹಾಕಿಕೊಂಡು ನಿಂತ ದರ್ಜಿಯನ್ನು ನೋಡಿ, “ಈ ತಾಯಿಯಲ್ಲಿ ಏನು ದೋಷ ಕಂಡಿರಿ?” ಎಂದರು.

“ಯಾವ ದೋಷವೂ ಇಲ್ಲ ಸ್ವಾಮಿ. ಬಹಳ ಒಳ್ಳೆಯವರು.”

“ಮತ್ತೆ ಯಾಕೆ ವಿಚ್ಛೇದನ?”

ದರ್ಜಿ ಬೆವರಿದ. ಪಾಠ ಮರೆತುಹೋಯಿತು. “ಇವರ ಯಜಮಾನ್ರು ಒಪ್ತಿಲ್ಲ ಸ್ವಾಮಿ,” ಎಂದುಬಿಟ್ಟ.

ವಕೀಲನಿಗೆ ಬಂದ ಕೆಮ್ಮು ನಿಲ್ಲಲು ನೀರು ತರಿಸಬೇಕಾಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಯಜಮಾನರು ದಿಂಬಿನಂತೆ ಮುದುಡಿಕೊಂಡರು. ನ್ಯಾಯಾಧೀಶರು, ಇದನ್ನು ಕೆದಕಿದರೆ ಇವತ್ತು ಊಟವಿಲ್ಲವೆಂದು ತಿಳಿದವರಂತೆ, ಹೆಂಗಸಿನ ಕಡೆ ತಿರುಗಿದರು.

“ನೋಡಮ್ಮ, ಯಾರ ಬಲವಂತವೂ ಇಲ್ಲ ತಾನೇ? ನಿನಗೆ ಈ ಮದುವೆ ಬೇಕೋ ಬೇಡವೋ? ನಿನ್ನ ಮನಸ್ಸಿಗೆ ಬಂದದ್ದು ಹೇಳು.”

ಅವಳು ನ್ಯಾಯಾಧೀಶರ ಮುಖವನ್ನೇ ನೋಡುತ್ತ ನಿಂತಳು. “ಇನ್ನೊಂದು ಸಲ ಕೇಳ್ತೀರಾ?” ಎಂದಳು. ಕೇಳಿಸಲಿಲ್ಲವೇನೋ ಎಂದು ಅವರು ಗಟ್ಟಿಯಾಗಿ ಕೇಳಿದರು. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, “ಬೇಡ ಸ್ವಾಮಿ,” ಎಂದಳು. ವಿಚ್ಛೇದನವಾಯಿತು.

ಹೊರಗಿನ ಪಡಸಾಲೆಯಲ್ಲಿ ಸಾಕ್ಷಣ್ಣ ಸಿದ್ಧನಾಗಿ ನಿಂತಿದ್ದ. ದರ್ಜಿಯ ಕರಿ ಕೋಟನ್ನೇ ಎರವಲು ತೊಟ್ಟಿದ್ದ, ಕನ್ನಡಕವನ್ನೂ ಹಾಕಿಕೊಂಡಿದ್ದ. ವಕೀಲನ ಕೈಯಲ್ಲಿ ಹೊಸ ಅರ್ಜಿ. ನೋಂದಣಿ ಕಚೇರಿ ಎದುರಿನ ಕಟ್ಟಡದಲ್ಲೇ, ಊಟದ ಬಿಡುವಿಗೆ ಮುಂಚೆ ಮುಗಿಸಿದರೆ ನಾಳೆ ಕಾರ್ಖಾನೆಗೆ ಪತ್ರ, ವಾರದೊಳಗೆ ಆಪರೇಷನ್.

“ಬಾ ಬಾ, ಬೇಗ. ಈ ಸಲ ಎಲ್ಲಿ ಸಹಿ ಅಂತ ಲಾಯರೇ ತೋರಿಸ್ತಾರೆ.”

ಅವಳು ನಿಂತಲ್ಲೇ ನಿಂತಳು. “ಮೊದಲು ಕೇಳಿ,” ಎಂದಳು.

“ಯಾರನ್ನ?”

“ನನ್ನನ್ನ. ಆ ಸ್ವಾಮಿಗಳು ಕೇಳಿದ್ರಲ್ಲ, ಬೇಕೋ ಬೇಡವೋ ಅಂತ. ಮದುವೆ ಮಾಡ್ಕೊಟ್ಟ ಅಣ್ಣ ಕೇಳಲಿಲ್ಲ. ಮಂತ್ರ ಹೇಳಿದ ಗುರುಗಳು ಕೇಳಲಿಲ್ಲ. ನೀವೂ ಕೇಳಲಿಲ್ಲ. ಕೇಳೋ ಪದ್ಧತಿ ಇದೆ ಅಂತಲೇ ನನಗೆ ಇವತ್ತು ಗೊತ್ತಾಯ್ತು.”

ಪಡಸಾಲೆಯಲ್ಲಿ ವಿಚ್ಛೇದನಕ್ಕೆ ಕಾದಿದ್ದ ಜನರೆಲ್ಲ ತಮ್ಮ ಜಗಳ ನಿಲ್ಲಿಸಿ ಇತ್ತ ತಿರುಗಿದರು. ವಕೀಲ ಗಡಿಯಾರ ನೋಡಿ, “ಕೇಳಿಬಿಡಿ ಸಾಕ್ಷಣ್ಣ, ಬಾಗಿಲು ಹಾಕ್ತಾರೆ,” ಎಂದು ಪಿಸುಗುಟ್ಟಿದ. ಸಾವಿರ ಮದುವೆ ಕಂಡ ಮನುಷ್ಯನಿಗೆ ಈ ಒಂದು ಮಾತು ಬಾಯಿಗೆ ಬರಲಿಲ್ಲ. ಕೋಟಿನ ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕೊನೆಗೆ ಹೇಗೋ ಕೇಳಿದ.

“ನನ್ನ… ನನ್ನ ಮದುವೆ ಆಗ್ತೀಯಾ?”

ಅವಳು ಅವನನ್ನು ದಿಟ್ಟಿಸಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಕೆಲಸದ ಜಾಗದಲ್ಲಿ ದೀಪದ ಮುಂದೆ ಹಾಯುವ ಬಾಟಲಿಗಳನ್ನು ನೋಡುತ್ತಾಳಲ್ಲ, ಅಷ್ಟೇ ಗಮನವಿಟ್ಟು ನೋಡಿದಳು.

“ಬೇಡ,” ಎಂದಳು.

“ಏನು ಬೇಡ? ಹುಚ್ಚು ಹಿಡೀತಾ? ನನ್ನ ಕಣ್ಣು…”

“ಗೊತ್ತಿತ್ತು, ಕಣ್ಣಿನ ಮಾತೇ ಬರುತ್ತೆ ಅಂತ. ಕಣ್ಣು ಮಾಡಿಸ್ತೀನಿ. ನನ್ನ ಕೂಡಿಟ್ಟ ದುಡ್ಡಲ್ಲಿ ಮಾಡಿಸ್ತೀನಿ. ಅದಕ್ಕೆ ನಾನು ನಿಮ್ಮ ಹೆಂಡತಿ ಆಗಬೇಕಾಗಿಲ್ಲ.”

“ಜನ ಏನಂತಾರೆ?”

“ಅವರೂ ನಿಮ್ಮ ಹಾಗೆ ನೋಡ್ತಾ ನಿಂತ್ಕೊಳ್ಳಲಿ.”

ಭಾವಮೈದ ಬಂದು ಬೈದ. ಮಗಳು ಫೋನಿನಲ್ಲಿ ಅತ್ತಳು. ವಕೀಲ ನಯವಾಗಿ, ಸಿಟ್ಟಾಗಿ, ಕೊನೆಗೆ ಕಾನೂನಿನ ಪ್ರಕಾರ ವಿವರಿಸಿದ. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು. ಕೊಟ್ಟ ಮಾತಿನಂತೆ ಆಸ್ಪತ್ರೆಗೆ ದುಡ್ಡು ಕಟ್ಟಿದಳು, ರಜೆ ಹಾಕಿ ಅವನನ್ನು ಕರೆದುಕೊಂಡು ಹೋದಳು. ನರ್ಸು ಕಾಗದ ತುಂಬುತ್ತ, “ನೀವು ಇವರಿಗೆ ಏನಾಗ್ಬೇಕು?” ಎಂದಾಗ, “ಪಕ್ಕದ ಮನೆಯವಳು,” ಎಂದಳು. ಸಾಕ್ಷಣ್ಣ ಬಾಯಿ ತೆರೆದ. ನರ್ಸು ಕಾಗದ ಬದಿಗಿಟ್ಟು, “ಮುಖ ಅಲ್ಲಾಡಿಸಬೇಡಿ, ಕಣ್ಣಿಗೆ ಔಷಧಿ ಹಾಕ್ತೀನಿ,” ಎಂದಳು.

ಪಟ್ಟಿ ಬಿಚ್ಚಿದ ದಿನ ಕೋಣೆಯೆಲ್ಲ ತೊಳೆದಿಟ್ಟಂತೆ ಕಂಡಿತು. ಕಿಟಕಿಯ ಸರಳು ಕಂಡಿತು, ಗೋಡೆಯ ಬಿರುಕು ಕಂಡಿತು, ಬಾಗಿಲ ಬಳಿ ಕೈಚೀಲ ಹಿಡಿದು ನಿಂತ ಹೆಂಗಸು ಕಂಡಳು. ಅವಳ ತಲೆ ಅರ್ಧಕ್ಕರ್ಧ ನರೆತಿತ್ತು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಎಡಗೈಯಲ್ಲಿ ಗಾಜು ಕೊಯ್ದ ಗಾಯದ ಉದ್ದನೆಯ ಗುರುತಿತ್ತು, ಹಳೆಯದು. ಅದು ಯಾವಾಗ ಆಯಿತು ಎಂದು ಅವನಿಗೆ ನೆನಪಾಗಲಿಲ್ಲ. ಪೊರೆ ಬಂದದ್ದು ಇತ್ತೀಚೆಗೆ, ಅದಕ್ಕೆ ಮುಂಚೆಯೂ ಅವನು ನೋಡಿರಲಿಲ್ಲ. ಸಾಕ್ಷಣ್ಣನಿಗೆ ಅಳು ಬಂತು. ಅಳಬಾರದೆಂದು ಡಾಕ್ಟರು ಹೇಳಿದ್ದರು.

“ಕಾಣ್ತಾ ಇದೆಯಾ?” ಎಂದಳು ಅವಳು.

“ಕಾಣ್ತಾ ಇದೆ.”

“ಚೆನ್ನಾಗಿ?”

“ಎಲ್ಲಾ ಚೆನ್ನಾಗಿ ಕಾಣ್ತಾ ಇದೆ.” ಇನ್ನೂ ಏನೋ ಹೇಳಬೇಕೆಂದು ಅವನು ಅವಸರವಾಗಿ ಮಂಚದಿಂದ ಕಾಲು ಕೆಳಗಿಟ್ಟ.

“ಹಾಗಾದ್ರೆ ಒಬ್ರೇ ಹೋಗಬಹುದಲ್ಲ,” ಎಂದು ಅವಳು ಔಷಧಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. “ನನಗೆ ಪಾಳಿ ಇದೆ.”

ಅವನು ಕಿಟಕಿಗೆ ಹೋಗಿ ನಿಂತ. ಆಪರೇಷನ್ ಬಹಳ ಚೆನ್ನಾಗಿ ಆಗಿತ್ತು. ಆಸ್ಪತ್ರೆಯ ಮೆಟ್ಟಿಲು ಇಳಿದು, ರಸ್ತೆ ದಾಟಿ, ಆ ಕೊನೆಯ ತಿರುವಿನವರೆಗೂ ಅವಳು ಅವನಿಗೆ ಸ್ಪಷ್ಟವಾಗಿ ಕಾಣುತ್ತಿದ್ದಳು. ಅವಳು ಹಿಂದಿರುಗಿ ನೋಡಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಂಡಿತು.